ಪಕ್ಕದ ಕಾಲಂ

ಗ್ರಂಥಾಲಯದ ಸಾಲಿನಲ್ಲಿ ನನ್ನ ಮುಂದಿದ್ದವರು ನಿವೃತ್ತ ಲೇತ್ ಕೆಲಸಗಾರರು. ಹವ್ಯಾಸಕ್ಕೆಂದು ಮನೆಯಲ್ಲೇ ಪರಮಾಣು ಬೆಸೆಯುವ ಪುಟ್ಟ ಯಂತ್ರ ಕಟ್ಟುತ್ತಿದ್ದರು.

"ಆ ನ್ಯೂಕ್ಲಿಯರ್ ಅಂಕಿಅಂಶದ ಪುಸ್ತಕ ಇನ್ನೊಮ್ಮೆ ಕೊಡಮ್ಮ."

"ಹೋದ ವಾರವೆಲ್ಲ ಅದನ್ನೇ ತಬ್ಕೊಂಡು ಕೂತಿದ್ರಲ್ಲ, ತಾತ?" ಗ್ರಂಥಪಾಲಕಿ ನಕ್ಕಳು.

"ಕೂತಿದ್ದೆ. ಬೆಸೆಯೋಕೆ ನನ್ನ ಹತ್ರ ಇರೋದು ಡ್ಯೂಟೀರಿಯಂ ಅನಿಲ ಒಂದೇ. ಓದಿದ್ದು ಪಕ್ಕದ ಟ್ರಿಟಿಯಂ ಕಾಲಂ. ಯಂತ್ರದಲ್ಲಿ ಎಷ್ಟು ಬೆಸುಗೆ ಆಗುತ್ತೆ ಅನ್ನೋ ಲೆಕ್ಕ ನೂರು ಪಟ್ಟು ಉಬ್ಬಿಹೋಯ್ತು."

"ತಿದ್ಕೊಂಡ್ರಾಯ್ತು, ಬಿಡಿ."

"ನಮ್ಮ ಹವ್ಯಾಸಿಗಳ ಕೂಟದಲ್ಲಿ ಒಬ್ಬ ಹುಡುಗಿ ಆ ಲೆಕ್ಕದ ಮೇಲೆ ಅನುಮಾನ ಪಟ್ಲು. ನಿಂಗೆ ಪಟ್ಟಿ ಓದೋಕೆ ಬರುತ್ತಾ ಅಂತ ಎಲ್ಲರೆದುರು ಕೇಳಿಬಿಟ್ಟೆ. ಎಲ್ಲರೂ ನಕ್ರು. ಅವಳು ತಲೆ ತಗ್ಗಿಸಿ ಕೂತ್ಲು."

ಗ್ರಂಥಪಾಲಕಿ ಪುಟ ತೆರೆದು, ಸರಿಯಾದ ಕಾಲಂ ಪಕ್ಕ ಅಡಿಪಟ್ಟಿ ಇಟ್ಟಳು.

"ನಕಲು ಎಷ್ಟು ತೆಗೀಲಿ?"

"ಹನ್ನೊಂದು. ಮೊದಲ್ನೇದು ಅವಳಿಗೆ. ಮಿಕ್ಕಿದ್ದು ಅವತ್ತು ನಕ್ಕವರಿಗೆ."

ಹಾಳೆಗಳನ್ನು ಎದೆಗವಚಿಕೊಂಡು, ಯಾರ ಮುಖವನ್ನೂ ನೋಡದೆ ಅವರು ಹೊರಟುಹೋದರು.