ಭಾನುವಾರ ಎಣಿಸಿದ ಬಸ್ಸು

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ಸಾರಿಗೆ ಯೋಜನಾ ಕಚೇರಿಯ ಮೇಲಧಿಕಾರಿಗಳೇ, ಸಹೋದ್ಯೋಗಿಗಳೇ, ಊಟದ ಹೊತ್ತು ಮೀರಿದರೂ ಎದ್ದು ಹೋಗದ ಸಭಿಕರೇ,

ನಿವೃತ್ತಿಯ ದಿನ ಎರಡು ಮಾತು ಆಡಿ ಎಂದಿದ್ದೀರಿ. ಮೂವತ್ತೊಂದು ವರ್ಷದಲ್ಲಿ ಈ ಕಚೇರಿ ನನ್ನನ್ನು ಎರಡು ಮಾತು ಪೂರ್ತಿ ಆಡಲು ಬಿಟ್ಟದ್ದಿಲ್ಲ. ಆದ್ದರಿಂದ ಇಂದು ಸ್ವಲ್ಪ ಹೆಚ್ಚೇ ಆಡುತ್ತೇನೆ.

ದೀರ್ಘಾವಧಿ ಯೋಜನೆ ಎಂದರೇನು? ಇನ್ನು ಇಪ್ಪತ್ತೈದು ವರ್ಷಕ್ಕೆ ಜನ ಎಲ್ಲಿಂದ ಎಲ್ಲಿಗೆ ಓಡಾಡುತ್ತಾರೆ, ಎಷ್ಟು ಬಸ್ಸು ಬೇಕು, ಎಷ್ಟು ರಸ್ತೆ ಬೇಕು, ದುಡ್ಡು ಎಲ್ಲಿಂದ ಬರುತ್ತದೆ ಎಂದು ಈಗಲೇ ಬರೆದಿಡುವುದು. ಅಂಥವನ್ನು ನಾನು ಐದು ಬರೆದೆ. ಒಂದಾದರೂ ಐದು ವರ್ಷ ಬಾಳಿತೇ? ಹೊಸ ಸಾಹೇಬರು ಬಂದಾಗಲೆಲ್ಲ ಹೊಸ ನಕ್ಷೆ. ಅನುದಾನ ಬಂದರೆ ಹೆದ್ದಾರಿಗೆ, ಬರದಿದ್ದರೆ ಬಸ್ಸಿಗೆ ಕತ್ತರಿ.

ನಗಬೇಡಿ. ಆ ಕತ್ತರಿ ನನ್ನ ಕೈಯಲ್ಲೂ ಇತ್ತು.

ಎಂಟು ವರ್ಷದ ಹಿಂದೆ ಹೆದ್ದಾರಿಯನ್ನು ಅಗಲ ಮಾಡಲು ನಮ್ಮ ಪಾಲಿನ ಹಣ ಸಾಲಲಿಲ್ಲ. ಅಂದಿನ ಮುಖ್ಯ ಎಂಜಿನಿಯರ್ ನನ್ನನ್ನು ಕರೆದು, "ಆಸ್ಪತ್ರೆ ಕಡೆ ಹೋಗೋ ಬಸ್ಸಿಗೆ ಜನಾನೇ ಇಲ್ವಂತೆ. ಒಂದ್ಸಲ ಎಣಿಸಿಬಿಡಮ್ಮ" ಎಂದರು.

"ಯಾವತ್ತು ಎಣಿಸಲಿ ಸರ್?"

"ಭಾನುವಾರ ಎಣಿಸು. ಗಲಾಟೆ ಇರಲ್ಲ."

ನನಗೆ ಅರ್ಥವಾಗಲಿಲ್ಲವೇ? ಚೆನ್ನಾಗಿಯೇ ಆಯಿತು. ಭಾನುವಾರ ಎಣಿಸಿದೆ. ಸಂಜೆಯ ಬಸ್ಸಿನಲ್ಲಿ ನಾಲ್ಕೇ ಜನ. ವರದಿ ಬರೆದೆ, ಸಹಿ ಹಾಕಿದೆ. ಬಸ್ಸು ನಿಂತಿತು. ಆ ವರ್ಷ ನನಗೆ ಬಡ್ತಿಯೂ ಬಂತು. ನೀವೇ ಚಪ್ಪಾಳೆ ತಟ್ಟಿದಿರಿ.

ನನ್ನ ತಂಗಿ ಆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಬಸ್ಸು ನಿಂತ ಮೇಲೆ ಪಾಳಿ ಮುಗಿಸಿ ಅದೇ ಹೊಸ ಹೆದ್ದಾರಿಯ ಅಂಚಿನಲ್ಲಿ ನಾಲ್ಕು ಕಿಲೋಮೀಟರ್ ನಡೆಯುತ್ತಿದ್ದಳು. ಕಾಲುದಾರಿಯನ್ನು ಎರಡನೇ ಹಂತಕ್ಕೆ ಬಿಟ್ಟಿದ್ದೆವು. ಎರಡನೇ ಹಂತ ಇನ್ನೂ ಬಂದಿಲ್ಲ. ಒಂದು ಸಂಜೆ ಲಾರಿಯ ಕನ್ನಡಿ ಬಡಿದು ಅವಳ ಬಲಭುಜದ ಮೂಳೆ ಮುರಿಯಿತು. ಆ ಕೈಯಲ್ಲಿ ರೋಗಿಗಳನ್ನು ಎತ್ತಿ ಕೂರಿಸಲಾಗದೆ ಕೆಲಸ ಬಿಟ್ಟಳು.

ಎಣಿಸಿದವಳು ನಾನೆಂದು ಅವಳಿಗೆ ಗೊತ್ತಿರಲಿಲ್ಲ. ಹೋದ ತಿಂಗಳು ಅವಳ ಅಡುಗೆಮನೆಯಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಎಡಗೈಯಲ್ಲಿ ತರಕಾರಿ ಹೆಚ್ಚುತ್ತಲೇ, "ಭಾನುವಾರ ನಂಗೆ ವಾರದ ರಜೆ ಕಣೇ ಅಕ್ಕ. ಇಲ್ಲಾಂದ್ರೆ ನಿನ್ನ ಲೆಕ್ಕಕ್ಕೆ ಐದು ಜನ ಸಿಗ್ತಿದ್ವಿ" ಎಂದಳು. ಆಮೇಲೆ ಚಾಕು ಕೆಳಗಿಟ್ಟು, "ಇದನ್ನ ನಂಗ್ಯಾಕೆ ಹೇಳ್ತೀಯ? ಹೇಳಬೇಕಾದೋರಿಗೆ ಹೇಳು" ಎಂದಳು.

ಹೇಳುತ್ತಿದ್ದೇನೆ.

ಅಧ್ಯಕ್ಷರು ಗಡಿಯಾರ ನೋಡಿಕೊಂಡರು, ಮುಗಿಸುತ್ತೇನೆ. ಇನ್ನೆರಡು ವರ್ಷ ಸಲಹೆಗಾರಳಾಗಿ ಇರಿ ಎಂದು ಆದೇಶ ಕೊಟ್ಟಿದ್ದೀರಿ. ಉಪಕಾರವಾಯಿತು, ಬೇಡ. ಸೋಮವಾರ ಹೊಸ ಯೋಜನೆಯ ಮೇಲೆ ಸಾರ್ವಜನಿಕರ ಆಕ್ಷೇಪಣೆ ಕೇಳುವ ಸಭೆ ಇದೆಯಲ್ಲ, ಅಲ್ಲಿ ಮೇಜಿನ ಆಚೆ, ಜನ ಕೂರುವ ಬದಿಗೆ ನನಗೊಂದು ಕುರ್ಚಿ ಹಾಕಿಸಿ. ತಂಗಿಗೂ ಒಂದು. ಆ ಯೋಜನೆ ಬರೆದವಳು ನಾನೇ. ಅದರಲ್ಲೂ ಆಸ್ಪತ್ರೆಗೆ ಬಸ್ಸಿಲ್ಲ. ಮೊದಲ ಆಕ್ಷೇಪಣೆಯೂ ನನ್ನದೇ.

ಹಾರ ಹಾಕಿದವರಿಗೂ, ಹಾಕಿದ್ದೇಕೆ ಎಂದು ಈಗ ಯೋಚಿಸುತ್ತಿರುವವರಿಗೂ ಧನ್ಯವಾದ. ನಮಸ್ಕಾರ.