ಊರಾಗ ಇಲ್ಲದ ರೇಡಿಯೋ

ಜೋಳದ ಹೊಲಗಳಲ್ಲಿ ಸಾಲುಗಳ ನಡುವಿನ ಕಳೆ ತೆಗೆಯಲು ಎಡೆ ಹೊಡೆಯುವ ದಿನಗಳು. ಕಮ್ಮಾರನ ಹತ್ತಿರ ಕುಂಟೆಯ ಕಬ್ಬಿಣದ ಅಲಗು, ಕುಡವನ್ನು ಹಣಿಸಿ ಹರಿತ ಮಾಡಿಸಿಕೊಂಡು ಗುತ್ತೆಪ್ಪ ಶಿಗ್ಗಾಂವ ಬಸ್ ನಿಲ್ದಾಣದಲ್ಲಿ ಕೂತಿದ್ದ. ಪಕ್ಕದಲ್ಲಿ ಅವನ ಹೆಂಡತಿ ಅಡಿವೆವ್ವ, ಧಾರವಾಡ ಯೂನಿವರ್ಸಿಟಿಯಲ್ಲಿ ಪತ್ರಿಕೋದ್ಯಮ ಓದುವ ನಾದಿನಿಯ ಮಗನೊಂದಿಗೆ ಮಾತಿಗಿಳಿದಿದ್ದಳು.

"ಅತ್ತಿ, ನಿಮ್ಮೂರಾಗ ಎಷ್ಟು ರೇಡಿಯೋ ಅದಾವ ಅಂತ ಯೂನಿವರ್ಸಿಟಿಗೆ ಬರದ ಕೊಡಬೇಕು. ಕೇಳಿದ್ರ ಎಲ್ಲಾರೂ ಇಲ್ಲ ಅಂತಾರ!"

"ಹಾಳಿ ಹಿಡಕೊಂಡು ಹೋದ್ರ ಮತ್ತೇನಂತಾರ? ರೇಡಿಯೋದ ಲೈಸೆನ್ಸ ಐತೇನಂತ ಕೇಳಾಕ ಸರಕಾರದಾಂವ ಬಂದಾನ ಅಂದ್ಕೊಂಡಾರ. ದಂಡ ನೀ ಕಟ್ಟತೀಯೇನು?"

"ಮಾವನೂ ಇಲ್ಲ ಅಂದನಲ್ಲ!"

"ಹಂಗಾರ ಇಲ್ಲ ಅಂತನ ಬರಿ. ಗಂಡನ್ನ ಸುಳ್ಳಗಾರನ್ನ ಮಾಡ್ಲೇನು?"

"ನಾ ಫೇಲಾಗ್ತೇನಿ, ಅತ್ತಿ."

ಅವರ ಊರಿಗೆ ಹೋಗುವ ಚಿಕ್ಕೇರೂರಿನ ಬಸ್ಸು ಬಂತು. ಅಡಿವೆವ್ವ ಗಂಡನ ಹಿಂದೆ ಹತ್ತಿ ಕಿಟಕಿಯಿಂದ ಮುಖ ಹೊರಹಾಕಿದಳು.

"ಹ್ವಾದ ಸಲ ಕ್ರಿಕೆಟ್ ಕೇಳಿ ನಮ್ಮ ರೇಡಿಯೋದ ಶೆಲ್ ತೀರಿಸಿ ಹೋದಿ. ಮೊದ್ಲ ಅವನ್ನ ತಂದ ಕೊಡು, ಆಮ್ಯಾಲ ನಮ್ಮ ಮನಿಯಾಗ ಒಂದೈತಿ ಅಂತ ಬರಕೋ. ನೀ ಲೈಸೆನ್ಸದಾಂವ ಅಲ್ಲಂತ ಉಳದವ್ರಿಗೆ ನಾನ ಹೇಳ್ತೇನಿ!"