ಶನಿವಾರ ಬಂದ ಜನರೇಟರು

"ಹಲೋ... ಹಲೋ... ಯಾರ್ರೀ ಮಾತಾಡಾದು? ... ಹಾಂ? ಯಾವೂರಿಂದ?"

ನ್ಯಾಮತಿಯ ಜವಳಿ ಅಂಗಡಿ ಓಂಕಾರಪ್ಪನ ಮನೆಯಲ್ಲಿ ಫೋನು ಇದ್ದದ್ದು ಪಡಸಾಲೆಯ ಗೂಡಿನಲ್ಲಿ. ಓಂಕಾರಪ್ಪನ ಹೆಂಡತಿ ಕಸ್ತೂರಮ್ಮ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಆಗೆಲ್ಲ ಟ್ರಂಕ್ ಕಾಲ್ ಎಂದರೆ ಕೇಳಬೇಕೇ! ದಾವಣಗೆರೆಗೆ ಮಾತು ಮುಟ್ಟಬೇಕಾದರೆ ಮೊದಲು ಅರ್ಧ ಓಣಿಗೆ ಮುಟ್ಟಿಸಬೇಕು.

...

"ಶಿವಮೂರ್ತಪ್ಪಾರಾ? ಜನರೇಟರ್ ಅಂಗಡಿ ಶಿವಮೂರ್ತಪ್ಪಾರಾ? ... ಹಾಂ, ಹೇಳ್ರೀ. ನಾನು ಅವರ ಮನೆಯೋಳು, ಕಸ್ತೂರಮ್ಮ."

...

"ಬಂತು ರೀ. ಶನಿವಾರ ಮಧ್ಯಾಹ್ನವೇ ಬಂತು ನಿಮ್ ಮಿಷಿನ್ನು. ... ಇಲ್ಲ, ಫಿಟ್ಟರನ್ನ ಕಳಿಸಬ್ಯಾಡ್ರಿ. ... ಬ್ಯಾಡ ರೀ. ಇನ್ಯಾರಿಗೆ ಅಂತ ಕಳಿಸ್ತೀರಿ?"

...

"ಅವರು ಹೋಗ್ಬಿಟ್ರು. ... ಹಾಂ? ... ಯಾವ ಊರಿಗೂ ಅಲ್ಲ ರೀ! ತೀರ್ಕೊಂಡ್ರು. ಶನಿವಾರ ಸಂಜೆ ತೀರ್ಕೊಂಡ್ರು. ಭಾನುವಾರ ಮಣ್ಣು ಮಾಡಿದ್ವಿ."

ಓಂಕಾರಪ್ಪನ ಗಂಟಲಿಗೆ ದೊಡ್ಡಾಸ್ಪತ್ರೆಯವರು ತೂತು ಮಾಡಿ ಉಸಿರಾಡಲು ನಳಿಕೆ ಇಟ್ಟು ಕಳಿಸಿದ್ದರು. ಮಾತು ಹೋಯಿತು, ಜೀವ ಉಳಿಯಿತಲ್ಲ ಎಂದು ಮನೆಮಂದಿ ಕೈಮುಗಿದಿದ್ದರು. ನಳಿಕೆಯಲ್ಲಿ ಕಟ್ಟುವ ಕಫವನ್ನು ಕರೆಂಟಿನ ಮಿಷಿನ್ನಿನಿಂದ ಆಗಾಗ ಎಳೆಯದಿದ್ದರೆ ಉಸಿರಿಲ್ಲ. ಕರೆಂಟೋ, ನ್ಯಾಮತಿಗೆ ನೆಂಟರ ಹಾಗೆ ಬಂದು ಹೋಗುತ್ತಿತ್ತು. ಅದಕ್ಕೇ ಜನರೇಟರಿಗೆ ಹೇಳಿದ್ದು. ಹಿತ್ತಲಲ್ಲಿ ಸಿಮೆಂಟಿನ ಕಟ್ಟೆ ಕಟ್ಟಿಸಿ, ಮೇಲೆ ತಗಡು ಹೊದಿಸಿ, ಗೋಡೆ ಕೊರೆದು ವೈರು ಎಳೆಸಿ, ಡೀಸೆಲ್ ಕೂಡ ತಂದು ಇಟ್ಟಾಗಿತ್ತು. ಜನರೇಟರೊಂದು ಬಂದು ಕೂರುವುದು ಬಾಕಿ ಇತ್ತು.

...

"ಅದೇ ರೀ, ಕರೆಂಟ್ ಹೋತು. ದೀಪ ಹಚ್ಚೋ ಹೊತ್ತು. ಕಂಪೌಂಡರ್ ಓಡಿ ಬಂದ್ರು, ಸಿರಿಂಜ್ ಹಾಕಿ ಎಳೆದ್ರು, ಏನೂ ಬರಲಿಲ್ಲ. ಅವರು ನನ್ನ ಕೈ ಹಿಡ್ಕೊಂಡು ಹಂಗೇ ನೋಡ್ತಿದ್ರು ರೀ. ... ಏನಂದ್ರಿ? ... ಜನರೇಟರಾ? ಅದು ಲಾರಿ ಆಫೀಸ್‌ನಾಗೇ ಇತ್ತು. ಮನೆಗೆ ತಂದಿರ್ಲಿಲ್ಲ."

...

"ಯಾಕೆ ಅಂದ್ರೆ... ಶನಿವಾರ ಅಲ್ವಾ? ಶನಿವಾರ ಹೊಸ ಕಬ್ಬಿಣ ಹೊಸ್ತಿಲು ದಾಟಬಾರದು ಅಂದ್ರು ನಮ್ಮತ್ತೆ. ಮೊದ್ಲೇ ಮಗ ಹಾಸಿಗೆ ಹಿಡಿದವ್ನೆ, ಶನಿ ಕಾಟ ಯಾಕೆ ಮೈಮೇಲೆ ಎಳ್ಕೊಳ್ಳೋದು, ಬೆಳಿಗ್ಗೆ ಕಾಯಿ ಒಡೆದು ತರೋಣ ಅಂದ್ರು. ನಾನೂ ಹೂಂ ಅಂದೆ. ಅವರೂ ಕೈಸನ್ನೆ ಮಾಡಿದ್ರು, ಅವ್ವ ಹೇಳಿದಂಗೆ ಆಗ್ಲಿ ಅಂತ. ... ಹೌದು ರೀ, ಹಣೆಬರಹ. ... ಹೂಂ."

ಕಸ್ತೂರಮ್ಮ ನಡುಮನೆಯ ಕಡೆ ಕಣ್ಣು ಹಾಯಿಸಿದಳು. ಬಾಗಿಲು ತೆರೆದೇ ಇತ್ತು. ಅತ್ತೆ ಶಿವಗಂಗಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದರು. ಮಗನನ್ನು ಹೊತ್ತೊಯ್ದಾಗಿನಿಂದ ಆ ಮುದುಕಿ ಒಂದಗುಳು ಬಾಯಿಗಿಟ್ಟಿರಲಿಲ್ಲ. ಕಸ್ತೂರಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ದನಿ ಇಳಿಸಿದಳು.

...

"ಶಿವಮೂರ್ತಪ್ಪಾರೆ, ನಿಮ್ಮಿಂದ ಒಂದು ಉಪಕಾರ ಆಗಬೇಕು. ... ಹಲೋ? ಕೇಳಾಕಿಲ್ವಾ? ... ಉಪಕಾರ ರೀ, ಉಪಕಾರ! ... ಅಯ್ಯೋ, ಇದಕ್ಕಿಂತ ಜೋರಾಗಿ ಹೆಂಗೆ ಹೇಳ್ಲಿ?"

ದನಿ ಇಳಿಸಿದರೆ ದಾವಣಗೆರೆಗೆ ಕೇಳದು, ಏರಿಸಿದರೆ ನಡುಮನೆಗೆ ಕೇಳುತ್ತದೆ. ಎಂಥಾ ಫಜೀತಿ ನೋಡಿ! ಕೊನೆಗೆ ಅವಳು ಗೋಡೆಗೆ ಒತ್ತಿಕೊಂಡು, ಬೆನ್ನು ತಿರುಗಿಸಿ ಕೂಗಿದಳು. ಬೆನ್ನು ತಿರುಗಿಸಿದರೆ ಮಾತು ಹಿಂದಕ್ಕೆ ಹೋಗುವುದಿಲ್ಲ ಎಂದು ನಂಬಿದವಳ ಹಾಗೆ.

...

"ಮಗನ್ನ ನಾನೇ ಕೊಂದೆ ಅಂತಾರೆ ರೀ ನಮ್ಮತ್ತೆ. ಅದೊಂದೇ ಮಾತು. ಹೊಟ್ಟೆಗೆ ಏನೂ ಇಲ್ಲ, ನೀರೂ ಬ್ಯಾಡ ಅಂತಾರೆ. ಹಿಂಗಾದ್ರೆ ಅವರೂ ಉಳಿಯಂಗಿಲ್ಲ. ... ಅದಕ್ಕೇ ಹೇಳ್ತಿರೋದು, ನೀವು ಅವರತ್ರ ಒಂದು ಮಾತು ಹೇಳ್ರಿ. ನಿಮ್ ಮಿಷಿನ್ನು ಕೆಟ್ಟಿತ್ತು ಅಂತ. ಶನಿವಾರವೇ ಮನೆಗೆ ತಂದಿದ್ರೂ ನಡೀತಿರ್ಲಿಲ್ಲ ಅಂತ."

...

"ಗೊತ್ತು ರೀ, ನೀವೇ ನಿಂತು ಓಡಿಸಿ ನೋಡಿ ಕಳಿಸಿದ್ದು ಗೊತ್ತು. ಚೆನ್ನಾಗೇ ಐತೆ ನಿಮ್ ಮಿಷಿನ್ನು, ಯಾರು ಇಲ್ಲ ಅಂದೋರು? ... ಅಯ್ಯೋ, ಅಂಗಡಿ ಹೆಸರಿಗೇನೂ ಆಗಲ್ಲ ರೀ. ಈ ಮಾತು ಹೊರಗೆ ಹೋದ್ರೆ ನನ್ ನಾಲಿಗೆ ಬಿದ್ದೋಗ್ಲಿ. ... ಸುಳ್ಳೇ ರೀ! ಸುಳ್ಳು ಅಂತ ಗೊತ್ತಿದ್ದೇ ಕೇಳ್ತಿರೋದು. ಅದರ ಪಾಪ ನನಗೇ ಇರ್ಲಿ."

...

"ನಿಮಗೂ ತಾಯಿ ಐದಾರೆ ಅಲ್ವಾ? ... ಮತ್ತೆ? ... ನನ್ನ ಮಾತು ಅವರು ನಂಬಲ್ಲ. ಸಮಾಧಾನಕ್ಕೆ ಹೇಳ್ತಾಳೆ ಅಂತಾರೆ. ಮಿಷಿನ್ನು ಮಾರಿದೋರೇ ಹೇಳಿದ್ರೆ ನಂಬ್ತಾರೆ. ಅವರು ಈ ಮನೆಗೆ ನನ್ನನ್ನ ಸೊಸೆ ಅಂತ ತಂದ್ಕೊಂಡೋರಲ್ಲ ರೀ, ಮಗಳು ಅಂತ ತಂದ್ಕೊಂಡೋರು. ಅವರೊಬ್ರು ಬಿಟ್ರೆ ಈ ಮನೇಲಿ ನನಗಿನ್ಯಾರು ಉಳಿದ್ರು?"

ತಂತಿಯ ಗೊರಗೊರ ಮಾತ್ರ ಕೇಳುತ್ತಿತ್ತು. ಕಸ್ತೂರಮ್ಮನಿಗೆ ಅಳು ಒತ್ತರಿಸಿ ಬಂತು. ಅತ್ತರೆ ಮೂರು ನಿಮಿಷದ ಕಾಲ್ ದಂಡವಾಗುತ್ತದೆಂದು ನುಂಗಿಕೊಂಡಳು.

...

"ಹಾಂ? ... ಹೇಳ್ತೀರಾ? ... ನಿಮ್ ಮನೆ ತಣ್ಣಗಿರ್ಲಿ ಕಣ್ರೀ! ... ಏನಂತ ಅಂದ್ರೆ... ಡೀಸೆಲ್ ಪಂಪು ಹಿಡ್ಕೊಂಡಿತ್ತು ಅಂತೀರಾ? ಹೂಂ, ಹಂಗೇ ಹೇಳ್ರಿ. ... ಎಕ್ಸ್‌ಚೇಂಜಿನೋರಾ? ಒಸಿ ತಡೀರಿ ತಾಯಿ, ಲೈನ್ ಕಟ್ ಮಾಡಬ್ಯಾಡ್ರಿ, ಇನ್ನೊಂದು ಕಾಲ್ ಲೆಕ್ಕ ಹಾಕ್ಕೊಳ್ರಿ. ... ಶಿವಮೂರ್ತಪ್ಪಾರೆ, ಇರ್ರಿ, ಕರೀತೀನಿ. ಅತ್ತೆ! ಅತ್ತೇ! ದಾವಣಗೆರೆಯಿಂದ ಫೋನು. ನಿಮಗೇ ಅಂತೆ, ಬರ್ರಿ."

ಏಳುವುದಿಲ್ಲವೇನೋ ಅಂದುಕೊಂಡಿದ್ದಳು. ಶಿವಗಂಗಮ್ಮ ಎದ್ದರು. ಗೋಡೆ ಹಿಡಿದುಕೊಂಡು, ಕಂಬ ಹಿಡಿದುಕೊಂಡು ಪಡಸಾಲೆಗೆ ಬಂದರು. ಜೀವಮಾನದಲ್ಲಿ ಫೋನು ಮುಟ್ಟಿದವರಲ್ಲ. ಕಸ್ತೂರಮ್ಮ ರಿಸೀವರನ್ನು ಅವರ ಕಿವಿಗೆ ಹಿಡಿಸಿ, ಪಕ್ಕದಲ್ಲೇ ತಾನೂ ಕಿವಿಗೊಟ್ಟು ನಿಂತಳು.

...

"ಹಲೋ... ಯಾರಪ್ಪಾ? ... ಹೂಂ, ನಾನೇ, ಅವನ ತಾಯಿ."

ರಿಸೀವರಿನೊಳಗೆ ಖಟ್ ಎಂದು ಸದ್ದಾಯಿತು. ಆಮೇಲೆ ಗುಂಯ್ ಎಂದು ಒಂದೇ ಸಮನೆ ಸ್ವರ ಹಿಡಿಯಿತು. ಅಷ್ಟು ಹತ್ತಿರ ನಿಂತಿದ್ದ ಕಸ್ತೂರಮ್ಮನಿಗೂ ಅದು ಚೆನ್ನಾಗಿ ಕೇಳಿಸಿತು. ಲೈನು ಹೋಗಿತ್ತು. ಶಿವಮೂರ್ತಪ್ಪ ಬಾಯಿ ಬಿಡುವುದರೊಳಗೇ ಹೋಗಿತ್ತು. ಹಾಳಾದ ಲೈನೇ, ಎಂದು ಅವಳು ರಿಸೀವರಿಗೆ ಕೈ ಚಾಚಿದಳು. ಶಿವಗಂಗಮ್ಮ ಕೊಡಲಿಲ್ಲ. ಸೊಸೆಯ ಕೈಯನ್ನು ತಮ್ಮ ಇನ್ನೊಂದು ಕೈಯಲ್ಲಿ ಹಿಡಿದುಕೊಂಡರು.

...

"ಹಾಂ? ... ಕೆಟ್ಟಿತ್ತಾ? ... ಹೌದೇನಪ್ಪಾ? ... ಹೂಂ. ... ಹಂಗಾದ್ರೆ ಶನಿವಾರವೇ ತಂದಿದ್ರೂ ನಡೀತಿರ್ಲಿಲ್ಲ ಅನ್ನು. ... ಹೂಂ. ... ಹೂಂನಪ್ಪಾ. ಕಸ್ತೂರಿ ಇಲ್ಲೇ ಐದಾಳೆ. ಅವಳಿಗೂ ಹೇಳ್ತೀನಿ ಬಿಡು, ನಂದೇನೂ ತಪ್ಪಿರ್ಲಿಲ್ವಂತೆ ಅಂತ."

ಗುಂಯ್ ಎನ್ನುವ ಸದ್ದು ನಿಂತಿರಲಿಲ್ಲ.